ಹಾಲು ತುಪ್ಪದ ದಿನ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮಾಕವಳ್ಳಿ ಕಡೆಯ ಚಿಕ್ಕಸ್ವಾಮಿ ಕೆ.ಆರ್.ಪೇಟೆ ಠಾಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಇನ್‌ಸ್ಪೆಕ್ಟರ್ ದಿಲೀಪ್ ತಲೆ ಎತ್ತಿದರು.

"ಸಾ, ಇವತ್ತು ಬೆಳಗಾಗೋದ್ರೊಳ್ಗೆ ನಮ್ಮ ಹೊಲ್ದಲ್ಲಿ ಯಾರೋ ಹೆಣ ಹೂತ್ಬುಟ್ಟವ್ರೆ."

"ಹೆಣ ಅಂತ ಹೇಗೆ ಗೊತ್ತು?"

"ಆಳುದ್ದ ಗುಡ್ಡೆ ಹಾಕಿ, ಮೇಲೆ ಮುಳ್ಳು ಮುಚ್ಚಿ, ತಲೆದೆಸೆಗೆ ಕಲ್ಲು ನಿಲ್ಸವ್ರೆ. ಗೆಣಸು ನೆಟ್ಟಿರ್ತಾರಾ ಸಾ?"

ಹೆಡ್ ಕಾನ್‌ಸ್ಟೇಬಲ್ ನರಸಯ್ಯ ಕಿಸಕ್ಕನೆ ನಕ್ಕ. ದಿಲೀಪ್ ನಗಲಿಲ್ಲ. ನಗುವುದಾಗಲಿ ಅಯ್ಯೋ ಅನ್ನುವುದಾಗಲಿ ಅವರಿಂದ ಯಾವಾಗಲೋ ಉದುರಿಹೋಗಿತ್ತು. ಸತ್ತವರ ಸುದ್ದಿ ಬಂದರೆ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ಅಷ್ಟೆ.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಅಲ್ಲ ಸಾ, ಭಯ. ಇವತ್ತು ಗುಡ್ಡೆ ಹಾಕ್ದೋರು ನಾಳಿಕ್ಕೆ ಇದು ನಮ್ಮ ಜಾಗ ಅಂತ ಕೋರ್ಟಿಗೆ ಹೋಗ್ತಾರೆ. ಕಾಸು ಕೊಟ್ಟು ಕೊಂಡಿರೋ ಜಮೀನು ಅದು."

ದೂರು ಬರೆಸಿಕೊಂಡು ಅಸಹಜ ಸಾವಿನ ಪ್ರಕರಣ ದಾಖಲಿಸಿದರು. ಮಂಗಳವಾರ ತಹಸೀಲ್ದಾರರು, ವೈದ್ಯರು, ಇಬ್ಬರು ಪಂಚರ ಸಮ್ಮುಖದಲ್ಲಿ ಗುಂಡಿ ತೆಗೆಸಿದರು. ಪಂಚನಾಮೆ ಬರೆಯಲು ನರಸಯ್ಯ ಕೂತ.

ಮೊದಲು ಸಿಕ್ಕಿದ್ದು ಪ್ಲಾಸ್ಟಿಕ್ಕಿನ ಫ್ಲೆಕ್ಸು. ಅದರ ಮೇಲೆ ಅರ್ಧ ಈಜುಕೊಳ, ಒಂದು ಅಪಾರ್ಟ್‌ಮೆಂಟಿನ ಬಾಲ್ಕನಿ, ನಗುವ ಹೆಂಗಸು, ಫೋನ್ ನಂಬರು. ತಿರುಗಿಸಿ ನೋಡಿದರೆ ಒಳಮೈಯೆಲ್ಲ ಒಲೆಯ ಹೊಗೆ ಹಿಡಿದು ಕಪ್ಪಾಗಿತ್ತು. ಯಾರದೋ ಗುಡಿಸಲಿನ ಚಾವಣಿ ಬಿಚ್ಚಿ ತಂದಿದ್ದರು. ಅದರೊಳಗೆ ಅರವತ್ತು ದಾಟಿದ ಹೆಂಗಸು. ಹೊಸ ಸೀರೆ, ಹಣೆಗೆ ವಿಭೂತಿ, ಬಾಯಲ್ಲಿ ಎಲೆಅಡಿಕೆ. ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ದಾರ ಕಟ್ಟಿತ್ತು. ಮೈಮೇಲೆ ಗಾಯವಿಲ್ಲ.

"ಕೊಂದೋನು ಎಲೆಅಡಿಕೆ ಇಕ್ಕಿ ಕಳಿಸ್ತಾನಾ ಸಾ?"

"ಕಂಡದ್ದು ಬರ್ಕೊ ನರಸಯ್ಯ. ಗೂಡ್ಸ್ ಆಟೋದ ಟೈರಿನ ಗುರುತು ಇದೆ, ಅದನ್ನೂ ಬರಿ." ದಿಲೀಪ್ ಪಕ್ಕಕ್ಕೆ ತಿರುಗಿದರು. ಅಲ್ಲೊಂದು ಹಳೇ ಗುಡ್ಡೆ ನೆಲಸಮವಾಗಿ ಕಲ್ಲು ಮಾತ್ರ ಉಳಿದಿತ್ತು. "ಇದು ಯಾರದು?"

"ನಂಗೆ ಹೊಲ ಮಾರಿದ್ನಲ್ಲ ಕುಳ್ಳಯ್ಯ, ಅವನದು," ಎಂದ ಚಿಕ್ಕಸ್ವಾಮಿ. "ಅವನು ಹೋದ್ಮೇಲೆ ಹೆಂಡ್ರು ಬೆಟ್ಟಮ್ಮ ಮಗನ್ನ ಕರ್ಕೊಂಡು ಬೆಂಗ್ಳೂರಿಗೆ ಹೋದ್ಲು. ಆಮೇಲೆ ಈ ಕಡೆ ತಲೆ ಹಾಕಿಲ್ಲ."

"ಇವಳು ಬೆಟ್ಟಮ್ಮನೇನಾ?"

ಚಿಕ್ಕಸ್ವಾಮಿ ಬಗ್ಗಿ ನೋಡಿದ. "ಇದ್ರೂ ಇರ್ಬೋದು. ಮುಖ ಊದ್ಕಂಡದೆ. ಆಗ ದುಂಡುದುಂಡಗೆ ಇದ್ಲು ಸಾ."

ಮಗನ ಫೋನ್ ನಂಬರು ಊರಲ್ಲಿ ಯಾರ ಬಳಿಯೂ ಇರಲಿಲ್ಲ. ಶ್ವಾಸಕೋಶದ ಸೋಂಕಿನಿಂದ ಸಾವು ಎಂದು ಸಂಜೆ ಶವಪರೀಕ್ಷೆ ಮುಗಿಸಿ ವೈದ್ಯರು ಹೇಳಿದರು. ಕಾಯಿಲೆಯಿಂದ ಸತ್ತವಳನ್ನು ಯಾಕೆ ಕದ್ದು ಹೂತರು? ದಿಲೀಪ್ ಫ್ಲೆಕ್ಸಿನ ನಂಬರಿಗೆ ಫೋನ್ ಮಾಡಿದರು. ಒಬ್ಬ ಹುಡುಗಿ ಎತ್ತಿಕೊಂಡಳು.

"ಟೂ ಬೆಡ್‌ರೂಮಾ ಸಾರ್, ತ್ರೀ ಬೆಡ್‌ರೂಮಾ?"

"ನಿಮ್ಮ ಅಪಾರ್ಟ್‌ಮೆಂಟ್ ಪಕ್ಕ ಗುಡಿಸಲು ಇವೆಯಾ?"

"ಇನ್ನೊಂದು ತಿಂಗಳು ಸಾರ್. ಎಲ್ಲ ತೆಗೀತಾರೆ. ಆಮೇಲೆ ಬಾಲ್ಕನಿಯಿಂದ ಸೀದಾ ಕೆರೆನೇ ಕಾಣುತ್ತೆ."

ದಿಲೀಪ್ ಫೋನಿಟ್ಟು, ವಿಳಾಸ ಬರೆದುಕೊಂಡರು.

"ಬೆಂಗ್ಳೂರಿಗೆ ಹೊರಡಾನಾ ಸಾ?" ಎಂದ ನರಸಯ್ಯ.

"ಬೇಡ. ಅಷ್ಟೆಲ್ಲ ಶಾಸ್ತ್ರ ಮಾಡಿ ಮಣ್ಣು ಮಾಡಿರೋನು ಹಾಲು ತುಪ್ಪ ಬಿಡೋಕೆ ಬಂದೇ ಬರ್ತಾನೆ. ನಾಳೆ ಮೂರನೇ ದಿನ. ಗುಂಡಿ ಮುಚ್ಚಿಸಿ, ಮೊದಲಿದ್ದ ಹಾಗೇ ಗುಡ್ಡೆ ಮಾಡಿಸು."

ಬೆಟ್ಟಮ್ಮ ಆಸ್ಪತ್ರೆಯ ಶವಾಗಾರದಲ್ಲಿ ಉಳಿದಳು. ಹೊಲದಲ್ಲಿ ಬರೀ ಮಣ್ಣಿನ ಗುಡ್ಡೆ ಎದ್ದು ನಿಂತಿತು.

ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಗೂಡ್ಸ್ ಆಟೋ ಬಂತು. ಮೂವತ್ತೈದರ ಆಸುಪಾಸಿನ ಗಂಡಸೊಬ್ಬ ಇಳಿದ. ಬಾಳೆಎಲೆ ಹಾಸಿ, ಹೋಟೆಲಿನ ಕವರಿನಿಂದ ಮುದ್ದೆ, ಬಸ್ಸಾರು ತೆಗೆದು ಬಡಿಸಿದ. ಹಾಲು ಬಿಟ್ಟ, ತುಪ್ಪ ಬಿಟ್ಟ. ಬದುವಿನ ಮರೆಯಲ್ಲಿ ಕಾದು ಕೂತಿದ್ದ ದಿಲೀಪ್, ಎದ್ದು ಹೋಗಲಿದ್ದ ನರಸಯ್ಯನ ತೋಳನ್ನು ಹಿಡಿದು ಕೂರಿಸಿದರು. ಆ ಗಂಡಸು ಕೈಮುಗಿದು ದೂರ ಸರಿದು ನಿಂತ. ಕಾಗೆ ಬಂತು, ಮುದ್ದೆಗೆ ಬಾಯಿ ಹಾಕಿತು. ಒಳಗೆ ಯಾರೂ ಇಲ್ಲವೆಂಬುದು ಕಾಗೆಗೂ ತಿಳಿಯಲಿಲ್ಲ.

ಆಮೇಲೆ ಪೊಲೀಸರು ಎದ್ದು ಅವನ ಬಳಿಗೆ ಹೋದರು. ಅವನು ಓಡಲಿಲ್ಲ.

ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ಹೆಸರು?"

"ಕುಮಾರ್. ಕುಳ್ಳಯ್ಯನ ಮಗ."

"ಸತ್ತಿರೋದು?"

"ನಮ್ಮವ್ವ. ಗುಡಿಸಲಿಗೆ ಮಳೆನೀರು ನುಗ್ತು ಸಾ. ಅದ್ರಲ್ಲೇ ನೆಂದು ಜ್ವರ ಬಂತು."

"ಅಲ್ಲೇ ಸುಡಬಹುದಿತ್ತಲ್ಲ?"

"ಸ್ಮಶಾನದಲ್ಲಿ ಚೀಟಿ ಕೊಡ್ತಾರೆ. ಚೀಟಿ ಕೊಟ್ರೆ ಅವ್ವ ಸತ್ತಂಗೆ."

"ಸತ್ತಿಲ್ವೇನಯ್ಯಾ ಮತ್ತೆ?"

"ಇವತ್ತು ಮಧ್ಯಾಹ್ನದವರೆಗೆ ಬದುಕಿರ್ಬೇಕಿತ್ತು ಸಾ."

ನರಸಯ್ಯ ಬರೆಯುವುದನ್ನು ನಿಲ್ಲಿಸಿದ. ಕುಮಾರ್ ನಿಧಾನಕ್ಕೆ ಬಿಡಿಸಿ ಹೇಳಿದ. ಗುಡಿಸಲು ಕೆಡವುವ ಮುಂಚೆ ಅಲ್ಲಿನವರಿಗೆ ಸರ್ಕಾರದ ಮನೆ. ಇವತ್ತು ಕೀ ಕೊಡುತ್ತಾರೆ. ಮನೆ ಬೆಟ್ಟಮ್ಮನ ಹೆಸರಿಗೆ ಬಂದಿದೆ. ಹೆಸರು ಕೂಗಿದಾಗ ಆಕೆ ಇಲ್ಲದಿದ್ದರೆ ಮನೆ ಮುಂದಿನವರಿಗೆ; ಮಗ ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು. ಅಷ್ಟರಲ್ಲಿ ಗುಡಿಸಲೂ ಇರುವುದಿಲ್ಲ.

"ನಿಮ್ಮವ್ವನ ಬದಲು ಈಗ ಯಾರು ಹೋಗವ್ರೆ?" ಎಂದ ನರಸಯ್ಯ.

"ಪಕ್ಕದ ಮನೆ ಮಂಚಮ್ಮಕ್ಕ, ಸೆರಗು ಹೊದ್ಕೊಂಡು. ಜೊತೆಗೆ ನನ್ನ ಹೆಂಡ್ತಿ."

"ಫೋಟೊ ನೋಡಲ್ವಾ?"

"ಹಳೇ ಫೋಟೊ ಸಾ. ಅದ್ರಲ್ಲಿ ನಮ್ಮ ಗುಡಿಸಲ ಮುದುಕೀರೆಲ್ಲ ಒಂದೇ ಥರ ಕಾಣ್ತಾರೆ."

"ಅಂಥಾ ಕೆಲಸ ಇಟ್ಕೊಂಡು ನೀನು ಇಲ್ಲಿಗ್ಯಾಕೆ ಬಂದೆ?"

ಕುಮಾರ್‌ಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇವತ್ತು ಮೂರನೇ ದಿನ ಅಲ್ವಾ ಸಾ?"

ಹನ್ನೊಂದೂ ಮುಕ್ಕಾಲಿಗೆ ಮೇಜಿನ ಮೇಲಿದ್ದ ಅವನ ಫೋನ್ ಹೊಡೆದುಕೊಂಡಿತು. ಪವಿತ್ರ ಎಂದು ಹೆಸರು. ದಿಲೀಪ್ ಸ್ಪೀಕರ್ ಹಾಕಿದರು.

"ರೀ, ಕೊಟ್ರು ಕಣ್ರೀ. ನಾಲ್ಕನೇ ಮಹಡಿ. ಮಂಚಮ್ಮಕ್ಕ ತುಟಿ ಬಿಚ್ಚಲಿಲ್ಲ. ಅವ್ವನಂಗೇ ಎರಡು ಸಲ ಕೆಮ್ಮಿದ್ಲು, ನಂಗೇ ಎದೆ ಝಲ್ಲಂತು. ಅಲ್ಲಿ ಕಾಗೆ ಮುಟ್ತಾ?"

"ಮುಟ್ತು," ಎಂದ ಕುಮಾರ್. "ನೀನು ಮನೆ ಒಳಗೆ ಹೋಗು. ಹೋಗಿ ಒಂದ್ಸಲ ಎಲ್ಲಾ ನೋಡ್ಕೊ."

ಫೋನ್ ಆಫಾಯಿತು. ದಿಲೀಪ್ ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು.

"ಬರೀಲೇಬೇಕಾ ಸಾ?" ಎಂದ ನರಸಯ್ಯ.

"ಬರೀಬೇಕು ಕಣಪ್ಪ."

ಸಾವು ಮುಚ್ಚಿಟ್ಟದ್ದು, ಸತ್ತವಳ ಹೆಸರಿನಲ್ಲಿ ಬೇರೊಬ್ಬಳನ್ನು ನಿಲ್ಲಿಸಿ ವಂಚಿಸಿದ್ದು ಎಂದು, ಬೇರೆ ಠಾಣೆಯ ವ್ಯಾಪ್ತಿಯದಾದ್ದರಿಂದ ಝೀರೋ ಎಫ್‌ಐಆರ್ ದಾಖಲಾಯಿತು. ಒಂದು ಪ್ರತಿ ಬೆಂಗಳೂರಿನ ಠಾಣೆಗೆ, ಒಂದು ಮನೆ ಹಂಚಿದ ಕಚೇರಿಗೆ. ಹನ್ನೆರಡೂವರೆಗೆ ಕುಮಾರ್‌ನನ್ನು ಬಂಧಿಸಿದರು. ಕೃತ್ಯದ ಉದ್ದೇಶ ಎಂಬಲ್ಲಿ ದಿಲೀಪ್ 'ವಾಸಕ್ಕೆ ಮನೆ' ಎಂದು ಬರೆದರು.

ಚಿಕ್ಕಸ್ವಾಮಿ ಹೇಳಿಕೆಗೆ ಸಹಿ ಹಾಕಲು ಬಂದಿದ್ದವನು ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದ. "ಮಣ್ಣು ಇನ್ನೂ ಮೆತ್ತಗದೆ ಸಾ. ಅಲ್ಲೇ ತಂದು ಇಕ್ಲಿ ಬುಡಿ. ಹಕ್ಕು ಗಿಕ್ಕು ಕೇಳಂಗಿಲ್ಲ ಅಂತ ಒಂದ್ಮಾತು ಬರ್ಸ್ಕೊಂಡ್ರೆ ಸಾಕು."

"ಏನನ್ನ ತಂದು ಇಕ್ಕೋದು?" ಎಂದ ಕುಮಾರ್.

ಬೆಳಿಗ್ಗೆಯಿಂದ ಹೇಳದೆ ಉಳಿಸಿಕೊಂಡಿದ್ದನ್ನು ದಿಲೀಪ್ ಆಗ ಹೇಳಿದರು. "ನಿಮ್ಮವ್ವನ್ನ ನಿನ್ನೆನೇ ತೆಗ್ಸಿದ್ವಿ. ಆಸ್ಪತ್ರೇಲವ್ರೆ. ಗುಡ್ಡೆ ಒಳಗೆ ಯಾರೂ ಇಲ್ಲ."

ಕುಮಾರ್ ತನ್ನ ಅಂಗೈ ನೋಡಿಕೊಂಡ. ಬೆರಳ ಸಂದಿಯಲ್ಲಿ ತುಪ್ಪದ ಜಿಡ್ಡು ಇನ್ನೂ ಇತ್ತು.

"ಅಂಗಾದ್ರೆ ಬೆಳಿಗ್ಗೆ ನಾನು ಯಾರಿಗೆ ಹಾಲು ಬುಟ್ಟೆ ಸಾ?"

ದಿಲೀಪ್ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಅದು ಕಣ್ಣೆದುರಿಗೇ ಇತ್ತು.