ಕರುವಿನ ಪಾಲಿನ ಹಾಲು

ಕರುಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಕೆಚ್ಚಲಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮನುಷ್ಯರಿಗಿಂತ ಹಸುಗಳೇ ಹೆಚ್ಚು. ಒಂದು ವರ್ಷ ದನಗಳಿಗೆ ಬೇನೆ ಬಂದು ರಾಜ್ಯದಲ್ಲಿ ಹಾಲೇ ಇಲ್ಲದಾಯಿತು. ಕೂಸುಗಳ ಅಳು ಕೇಳಲಾರದೆ ರಾಜ ಮಾರಭೂಪ, ಬೂದಿಗಣ್ಣನೆಂಬ ಮಾಂತ್ರಿಕನ ಹಂಡೆಯಿಂದ ಹಾಲನ್ನು ಸಾಲ ತಂದ. ಕೂಸುಗಳು ಬದುಕಿದವು. ಆದರೆ ಸಾಲ ಬೆಳೆದಷ್ಟೂ ರಾಜ ಕಾಲಿನಿಂದ ಮೇಲಕ್ಕೆ ಕಲ್ಲಾಗಬೇಕು, ತೀರಿದಷ್ಟೂ ಕಲ್ಲು ಇಳಿಯಬೇಕು, ಇದು ಕರಾರು.

ಬೇನೆ ಕಳೆದು ಹಸುಗಳು ಮತ್ತೆ ಹಾಲು ಕೊಡತೊಡಗಿದ ಮೇಲೆ, ಪ್ರತಿ ಹಸುವಿನ ಒಂದು ಮೊಲೆಯ ಹಾಲು ಕಂದಾಯ. ಅದಷ್ಟೂ ಮಾಂತ್ರಿಕನ ಬಡ್ಡಿಗೇ ಸರಿಹೋಗುತ್ತಿತ್ತು. ಕಲ್ಲು ರಾಜನ ಸೊಂಟದಲ್ಲೇ ನಿಂತಿತ್ತು. ರಾಜ್ಯಭಾರ ಯುವರಾಜ ಹೊನ್ನಮಲ್ಲನ ತಲೆಗೆ ಬಂತು.

"ಕಂದಾಯ ಏರಿಸಿ ಯುವರಾಜರೇ," ಎಂದ ಹಿರಿಯ ಮಂತ್ರಿ. "ನಾಲ್ಕು ಮೊಲೆಯ ಹಾಲೂ ಹಂಡೆಗೆ ಬರಲಿ. ಕೊಟ್ಟರೆ ತಾನೆ ಸಾಲ ತೀರುವುದು?"

ಹೊನ್ನಮಲ್ಲ ಏರಿಸಿದ. ಕಲ್ಲು ಸರ್ರನೆ ಹಿಮ್ಮಡಿಗಿಳಿಯಿತು. ರಾಜ ಮಂಡಿ ಮಡಚಿ ಸಂತೋಷಕ್ಕೆ ಅತ್ತ. ಹೊನ್ನಮಲ್ಲ ಮಂತ್ರಿಗೆ ಶಾಲು ಹೊದಿಸಿದ. ತಿಂಗಳು ತುಂಬುವುದರೊಳಗೆ ಬಿಂದಿಗೆಗಳು ಬರಿದಾಗಿ ಬಂದವು. ಹಾಲಿಲ್ಲದೆ ಕರುಗಳು ನೆಲ ಹಿಡಿದಿದ್ದವು, ಅವುಗಳ ತಾಯಂದಿರ ಕೆಚ್ಚಲು ಬತ್ತಿತ್ತು. ಉಳಿದ ಹಸುಗಳನ್ನು ಗೊಲ್ಲರು ಸದ್ದಿಲ್ಲದೆ ಗುಡ್ಡದಾಚೆಯ ರಾಜ್ಯಕ್ಕೆ ಹೊಡೆದುಕೊಂಡು ಹೋಗಿದ್ದರು. ಕಲ್ಲು ರಾಜನ ಎದೆಗೇರಿತು.

"ಹೆಚ್ಚು ಕೇಳಿದೆ, ಕಡಿಮೆ ಬಂತು. ಇದ್ಯಾವ ಲೆಕ್ಕ?" ಎಂದು ಹೊನ್ನಮಲ್ಲ ತಲೆ ಹಿಡಿದು ಕೂತ.

"ಕಂದಾಯವೇ ಕೇಡು ಪ್ರಭು," ಎಂದ ಕಿರಿಯ ಮಂತ್ರಿ. "ಪೂರ್ತಿ ತೆಗೆದುಬಿಡಿ. ಜನ ಚೆನ್ನಾಗಿದ್ದರೆ ಸಾಲ ತಾನಾಗಿ ಕರಗುತ್ತದೆ."

ಹೊನ್ನಮಲ್ಲ ತೆಗೆದ. ಗೊಲ್ಲರು ಹಿಂದಿರುಗಿದರು, ಬೆಣ್ಣೆ ಕಡೆದರು, ಯುವರಾಜನನ್ನು ಬಾಯಿತುಂಬ ಹರಸಿದರು. ಹಂಡೆಗೆ ಮಾತ್ರ ಯಾರೂ ಒಂದು ತೊಟ್ಟು ಹಾಕಲಿಲ್ಲ. ಕಲ್ಲು ರಾಜನ ಗಂಟಲಿಗೇರಿತು.

ಅತ್ತ ದರಿ, ಇತ್ತ ಪುಲಿ. ಮಂತ್ರಿಗಳಿಬ್ಬರೂ ಇನ್ನೂ ಜಗಳವಾಡುತ್ತಲೇ ಇದ್ದರು. ರಾಜ ಪಿಸುಗುಟ್ಟಿದ: "ಮಗನೇ, ನಾಲಿಗೆ ಕಲ್ಲಾಗುವ ಮೊದಲು ಏನಾದರೂ ಮಾಡು. ಏನೆಂದು ನನ್ನನ್ನು ಕೇಳಬೇಡ."

ಹೊನ್ನಮಲ್ಲ ಹಾಲು ಕೇಳಲು ತಾನೇ ಬಿಂದಿಗೆ ಹಿಡಿದು ಗೊಲ್ಲಗಿತ್ತಿ ಸಣ್ಣವ್ವನ ಹಟ್ಟಿಗೆ ಹೋದ. ಬಾಗಿಲಲ್ಲೇ ಬೂದಿಗಣ್ಣ ನಿಂತಿದ್ದ.

"ಈ ಹಸುವಿನ ಹಾಲನ್ನೆಲ್ಲ, ಒಂದು ಹನಿಯೂ ಬಿಡದೆ ನನಗೆ ಕರೆದುಕೊಡು. ಇಡೀ ಸಾಲ ಮನ್ನಾ," ಎಂದ.

ಯುವರಾಜ ಕೂತು ಎಳೆದೇ ಎಳೆದ. ಹಸು ಹಾಲಿಳಿಸಲಿಲ್ಲ. ಗೂಟಕ್ಕೆ ಕಟ್ಟಿದ್ದ ಕರು ಹೇಳಿತು: "ಅಮ್ಮ ಹಾಲಿಳಿಸುವುದು ನನಗಾಗಿ. ಮೊದಲು ನನ್ನನ್ನು ಬಿಡು."

"ಬಿಟ್ಟರೆ ನಿನ್ನಪ್ಪ ಕಲ್ಲು," ಎಂದ ಬೂದಿಗಣ್ಣ.

ಎರಡು ಸಲ ತಪ್ಪಿದ ಹೊನ್ನಮಲ್ಲನಿಗೆ ತನ್ನ ಬುದ್ಧಿಯ ಮೇಲೆ ನಂಬಿಕೆ ಉಳಿದಿರಲಿಲ್ಲ. ಕರುವಿನ ಪಕ್ಕೆಲುಬುಗಳು ಕಾಣುತ್ತಿದ್ದವು. ಅಷ್ಟಕ್ಕೇ ಹಗ್ಗ ಬಿಚ್ಚಿದ. ಕರು ಹೋಗಿ ಕೆಚ್ಚಲಿಗೆ ಗುದ್ದಿತು, ನಾಲ್ಕು ಮೊಲೆಯಲ್ಲೂ ಹಾಲಿಳಿಯಿತು.

"ಇನ್ನು ಎಲ್ಲ ಹಸುಗಳಿಗೂ ಇದೇ ಲೆಕ್ಕ: ಒಂದು ಮೊಲೆ ಕರುವಿಗೆ, ಒಂದು ಮನೆಗೆ, ಎರಡು ಹಂಡೆಗೆ," ಎಂದ ಹೊನ್ನಮಲ್ಲ, ಅನುಮಾನದಿಂದಲೇ.

"ಎರಡು ಜಾಸ್ತಿಯಾಯ್ತು ಬುದ್ಧಿ," ಎಂದಳು ಸಣ್ಣವ್ವ. "ಆದ್ರೆ ಕರೂಗೆ ಬಿಟ್ರಲ್ಲ, ಕೊಡ್ತೀವಿ."

"ಹಾಗಾದರೆ ಮನ್ನಾ ಇಲ್ಲ, ಸಾಲ ಹಾಗೇ ಇದೆ," ಎಂದು ಬೂದಿಗಣ್ಣ ನಕ್ಕು ಹೊರಟುಹೋದ. ಕಲ್ಲು ನಿಧಾನವಾಗಿ ಇಳಿಯಿತು. ಕೆಲವು ತಿಂಗಳು ಏರಿಯೂ ಏರಿತು, ಆಗೆಲ್ಲ ಹೊನ್ನಮಲ್ಲನಿಗೆ ನಿದ್ದೆ ಹತ್ತಲಿಲ್ಲ. ಕರುಗಳು ಬೆಳೆದು ಹಸುಗಳಾದವು, ಅವೂ ಕರು ಹಾಕಿದವು. ಕಡೆಗೊಂದು ದಿನ ಹಂಡೆ ತುಂಬಿ ತುಳುಕಿತು, ಸಾಲ ತೀರಿತು. ಸಾಲವನ್ನೇ ತಿಂದು ಬದುಕಿದ್ದ ಬೂದಿಗಣ್ಣ ನಿಂತಲ್ಲೇ ಹಿಡಿ ಬೂದಿಯಾದ. ರಾಜ ನಡೆದು ಬಂದ.

"ನಾನು ಹೇಳಿದ್ದೇ ಆಯಿತು," ಎಂದರು ಮಂತ್ರಿಗಳಿಬ್ಬರೂ.

"ಅಪ್ಪಾಜಿ, ಇವರಲ್ಲಿ ಯಾರದು ಸರಿ?" ಎಂದ ಹೊನ್ನಮಲ್ಲ.

"ನನಗೂ ತಿಳಿಯಲಿಲ್ಲ ಮಗನೇ. ಕರುಗಳು ಎದ್ದು ನಿಂತ ಮೇಲೆಯೇ ನನ್ನ ಕಾಲಿಗೆ ಜೀವ ಬಂತು. ನಾನು ಕಂಡದ್ದು ಅಷ್ಟೇ."

ಕೆಚ್ಚಲಗಿರಿಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಅಲ್ಲಿ ಇವತ್ತಿಗೂ ಹಾಲು ಕರೆಯುವ ಮೊದಲು ಕರು ಬಿಡುತ್ತಾರೆ.