ಬೆನ್ನ ಹಿಂದಿನ ಎಡಗಾಲು

ಅಲ್ಮಾಟಿ ಮಹಾನಗರದ ಹೊಳೆದಂಡೆಯಲ್ಲಿ ಬೆಳಗಿನ ಹೊತ್ತು ಓಡುವವರೆಲ್ಲ ಗಂಭೀರವಾಗಿ ಆಲೋಚಿಸಬೇಕಾದ ವಿಷಯವೊಂದಿದೆ. ಹಿಂದಿನಿಂದ ಬಂದವನು ಒಂದೋ ದಾಟಿ ಮುಂದೆ ಹೋಗಬೇಕು, ಇಲ್ಲವೇ ದೂರ ಉಳಿಯಬೇಕು. ಬೆನ್ನಿಗಂಟಿಕೊಂಡು ಓಡಬಾರದು.

ಈ ನಿಯಮ ಮಾಡಿದವಳು ಕುರಲಾಯ್. ಅವಳಲ್ಲಿ ಇಂಥ ನಿಯಮಗಳು ಇನ್ನೂ ಇದ್ದವು. ದಾರಿಗಡ್ಡವಾಗಿ ಜೋಡಿಯಾಗಿ ಓಡಬಾರದು. ಫೋನಿನ ಹಾಡು ಊರಿಗೆಲ್ಲ ಕೇಳಿಸಬಾರದು. ಉಗುಳುವವರು ಮೊದಲು ಗಾಳಿ ಯಾವ ಕಡೆಗಿದೆ ಎಂದು ನೋಡಿಕೊಳ್ಳಬೇಕು.

ದಿನವಿಡೀ ಮಕ್ಕಳಿಗೆ ಪಿಯಾನೊ ಕಲಿಸುತ್ತ, ತಪ್ಪು ತಾಳ ಕೇಳಿ ಕೇಳಿ ದಣಿಯುವವಳಿಗೆ ಬೆಳಗಿನ ಈ ಓಟವೊಂದೇ ಸ್ವಂತದ್ದು.

ಈಗ ಅದಕ್ಕೂ ಕಲ್ಲು ಬಿದ್ದಿತ್ತು. ಚಳಿ ಶುರುವಾದಾಗಿನಿಂದ ಬೆನ್ನ ಹಿಂದೆ ಒಂದೇ ಸದ್ದು. ಬಲಗಾಲು ಮೆಲ್ಲಗೆ, ಎಡಗಾಲು ‘ಚಪ್’. ಬಲಗಾಲು ಮೆಲ್ಲಗೆ, ಎಡಗಾಲು ‘ಚಪ್’… ತಿರುಗಿ ನೋಡಿದರೆ ಸೋತಂತೆ ಎಂದುಕೊಂಡು ಅವಳು ಒಮ್ಮೆಯೂ ತಿರುಗಿರಲಿಲ್ಲ.

ಆ ದಿನ ಮಾತ್ರ ಥಟ್ಟನೆ ನಿಂತಳು. ಹಿಂದಿದ್ದವನು ಮುಗ್ಗರಿಸಿ ಪಕ್ಕದ ಮರ ಹಿಡಿದುಕೊಂಡ.

“ಇಷ್ಟಗಲ ದಾರಿ ಇದೆ. ದಾಟಿ ಹೋಗೋಕೆ ನಿಮಗೇನ್ ಕಷ್ಟ?”

“ಕ್ಷಮಿಸಿ ಅಪಾ, ಹಿರಿಯರ ಮುಂದೆ…” ಎಂದವನು ಅವಳ ಮುಖ ನೋಡಿ ಬಾಯಿ ಮುಚ್ಚಿದ.

“ಅಪಾ? ನಾನು ಅಜ್ಜಿ ಥರ ಕಾಣ್ತೀನಾ?”

“ಹಿಂದಿನಿಂದ… ಅಜ್ಜಿಯರ ಥರ ತಲೆಗೆ ಕಟ್ಟಿರೋ ಆ ಬಿಳಿ ಸ್ಕಾರ್ಫ್ ನೋಡಿ… ಹಿರಿಯರನ್ನ ದಾಟಿ ಅವರ ದಾರಿಗೆ ಅಡ್ಡ ಹೋಗಬಾರದು ಅಂತ ಮನೇಲಿ ಕಲಿಸಿದ್ರು.”

ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ.

“ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿ ಓಡ್ತಾರೆ ಅಂತ ದಿನಾ ಮೆಚ್ಕೊಳ್ತಿದ್ದೆ.”

“ನಾಳೆಯಿಂದ ನನ್ನ ಹಿಂದೆ ಕಾಣಿಸ್ಕೋಬೇಡಿ.”

ಅವನು ಮಾತು ಕೇಳುವ ಹುಡುಗ. ಕಾಣಿಸಿಕೊಳ್ಳಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಸ್ಕಾರ್ಫ್ ತೀರಿಕೊಂಡ ಅಜ್ಜಿಯದು. ಸಿಟ್ಟಿನಲ್ಲಿ ಅದನ್ನು ಜೇಬಿಗೆ ತುರುಕಿ ಬರಿಗಿವಿಯಲ್ಲಿ ಓಡತೊಡಗಿದಳು. ಬೆಟ್ಟದ ಗಾಳಿ ಕಿವಿ ಕಚ್ಚಿತು. ಬೆನ್ನ ಹಿಂದೆ ಮಾತ್ರ ಸಂಪೂರ್ಣ ಶಾಂತಿ.

‘ಬೇಕಾಗಿದ್ದು ಸಿಕ್ಕಿತಲ್ಲ… ಮತ್ಯಾಕೆ ಕಾಲು ಏಳುತ್ತಿಲ್ಲ?’

ಆ ‘ಚಪ್’ಗೇ ತನ್ನ ಉಸಿರು ಹೊಂದಿಕೊಂಡಿತ್ತೆಂದು ತಾಳ ಕಲಿಸುವವಳಿಗೇ ತಡವಾಗಿ ತಿಳಿಯಿತು. ಹುಡುಕೋಣವೆಂದರೆ ಅವನ ಹೆಸರೂ ಗೊತ್ತಿಲ್ಲ. ಓಡುವುದನ್ನೇ ಬಿಟ್ಟನೋ ಏನೋ…

ಮೊದಲ ಹಿಮ ಬಿದ್ದ ಬೆಳಿಗ್ಗೆ ಹೊಳೆಯ ಆಚೆ ದಡದಿಂದ ಸದ್ದು ಕೇಳಿತು. ಬಲಗಾಲು ಮೆಲ್ಲಗೆ, ಎಡಗಾಲು ‘ಚಪ್’.

ಕುರಲಾಯ್ ಮರದ ಸೇತುವೆ ದಾಟಿ ಹೋಗಿ ಅವನ ಬೆನ್ನಿಗಂಟಿಕೊಂಡು ಓಡಿದಳು.

ಅವನು ತಿರುಗಿ ನೋಡಿದ. “ದಾಟಿ ಹೋಗಬಹುದಲ್ಲ?”

“ಹಿರಿಯರ ದಾರಿಗೆ ಅಡ್ಡ ಹೋಗಬಾರದಂತೆ.”

ಅವನು ನಗುತ್ತ ನಿಂತ. “ಹಿರಿಯನಿಗೆ ಹೆಸರಿದೆ. ಮದಿಯಾರ್. ನೀವು ಬರೋದೇ ಬಿಟ್ರಿ ಅಂದ್ಕೊಂಡಿದ್ದೆ. ದಿನಾ ಈ ದಡದಿಂದ ಬಿಳಿ ಸ್ಕಾರ್ಫ್ ಹುಡುಕ್ತಿದ್ದೆ.”

“ಯಾಕೆ? ಅಜ್ಜಿ ನೆನಪಾದ್ರಾ?”

“ಬೈದವರ ಮುಖ ನೆನಪಾಗ್ತಿತ್ತು.”

ಕುರಲಾಯ್ ಹಿಮದಲ್ಲಿ ಮೂಡಿದ್ದ ಅವನ ಹೆಜ್ಜೆಗಳನ್ನು ನೋಡಿದಳು.

“ನಿಮ್ಮ ಎಡಗಾಲಿನ ಸದ್ದು ತುಂಬ ಕಿರಿಕಿರಿ,” ಎಂದಳು. ಆಮೇಲೆ ಮೆಲ್ಲಗೆ, “ಅದಿಲ್ದೆ ಇನ್ನೂ ಕಿರಿಕಿರಿ.”

ಮದಿಯಾರನ ನಗು ನಿಂತಿತು. ಏನೋ ಹೇಳಹೋಗಿ ಬೇರೇನೋ ಹೇಳಿದ.

“ಕಿವಿ ಕೆಂಪಾಗಿದೆ. ಸ್ಕಾರ್ಫ್ ಕಟ್ಕೊಳ್ಳಿ.”

“ಮತ್ತೆ ಅಜ್ಜಿ ಅಂತೀರಿ.”

“ನಿಜವಾಗಿ ಅಜ್ಜಿ ಆಗೋವರೆಗೂ ಜೊತೇಲಿರ್ತೀನಿ. ಆಮೇಲೆ ಅಂತೀನಿ.”

ಅವಳು ಜೇಬಿನಿಂದ ಸ್ಕಾರ್ಫ್ ತೆಗೆದು ಕಟ್ಟಿಕೊಂಡಳು. ಗಂಟು ಬಿಗಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಹಿಂದೆ ಬರಬೇಡಿ ಮತ್ತೆ.”

“ಮುಂದೆ ಹೋಗ್ಲಾ?”

“ಪಕ್ಕಕ್ಕೆ ಬನ್ನಿ.”

ಈಗ ಹೊಳೆದಂಡೆಯಲ್ಲಿ ಇಬ್ಬರೂ ದಿನಾ ದಾರಿಗಡ್ಡವಾಗಿ ಜೋಡಿಯಾಗಿ ಓಡುತ್ತಾರೆ. ಹಿಂದಿನವರು ಗೊಣಗುತ್ತಾರೆ.