ಸವೆದ ಅಚ್ಚಿನ ಸಕ್ಕರೆ

"ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆಕಿ ಮನ್ಯಾಗ ಸುಳ್ಳ ಮಾತ್ರ ಹೇಳಬ್ಯಾಡ್ರಿ ಸಾಹೇಬ್ರ," ಎಂದ ದ್ಯಾವಪ್ಪ, ಇರಕಲ್ಲಗಡದ ಊರಬಾಗಿಲು ಅಗಸಿಯ ಮುಂದೆ ತನ್ನ ಟಂಟಂ ರಿಕ್ಷಾ ನಿಲ್ಲಿಸಿ. "ಪಕ್ಕೀರವ್ವ ಮಾಟ ಕಲತಾಕಿ. ಆಕಿಗೆ ಮೋಸ ಮಾಡಿದಾವ್ರು ನೆಟ್ಟಗ ಉಳದಿಲ್ಲ."

ಶರಣಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಂಬಿಹಣ್ಣಿಗೆ ಹೆದರೋ ವಯಸ್ಸೇನೋ ನಂದು? ಮಂತ್ರಿಸಿ ಒಗದ್ರ ಉಪ್ಪಿನಕಾಯಿ ಹಾಕ್ಕೊಂಡು ತಿಂತೀನಿ, ತಗೋ."

ದ್ಯಾವಪ್ಪ ನಗಲಿಲ್ಲ. ಇಲ್ಲೇ ಕಾಯ್ತೀನಿ ಎಂದಷ್ಟೇ ಹೇಳಿ ಬೀಡಿ ಹಚ್ಚಿದ.

ಈ ಶರಣಕುಮಾರ ಕೊಪ್ಪಳದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಹೊಟ್ಟೆಗೆ ಬಟ್ಟೆ, ಹುಚ್ಚಿಗೆ ಕಾರು. ನಿಜವಾದ ಕಾರಲ್ಲ ಮತ್ತೆ! ಬಿಡಿ ಭಾಗಗಳಾಗಿ ಡಬ್ಬಿಯಲ್ಲಿ ಬರುವ, ಅಂಟು ಹಚ್ಚಿ ಜೋಡಿಸುವ, ಅಂಗೈಯಗಲದ ಪ್ಲಾಸ್ಟಿಕ್ ಕಾರು. ಇಂಥದನ್ನು ಕಂಪನಿಯವರು ಒಮ್ಮೆ ಮಾಡಿ ಸುಮ್ಮನಾಗುವುದಿಲ್ಲ. ಎಷ್ಟೋ ವರ್ಷದ ಮೇಲೆ ಅದೇ ಅಚ್ಚಿನ ಧೂಳು ಕೊಡವಿ, ಅದರಲ್ಲೇ ಮತ್ತೆ ಎರೆದು, ಅದೇ ಚಿತ್ರದ ಡಬ್ಬಿಯಲ್ಲಿ ಮಾರುತ್ತಾರೆ. ನೋಡುವವರಿಗೆ ಎರಡೂ ಒಂದೇ. ಶರಣಕುಮಾರನಿಗೆ ಮಾತ್ರ ಅಲ್ಲ. ಮೊದಲು ಎರೆದದ್ದರಲ್ಲಿ ಬಾಗಿಲಿನ ಗೆರೆ ಉಗುರಿಗೆ ಸಿಗುವಷ್ಟು ಚೂಪು. ಸವೆದ ಅಚ್ಚಿನದರಲ್ಲಿ ಗೆರೆ ಮಾಸಿ, ಅಂಚಿಗೆ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳು ಪೊರೆ. ಕಾರಿನ ಹೊಟ್ಟೆಯಡಿ ಕೆತ್ತಿದ ಇಸವಿಯನ್ನಂತೂ ಎರಡನೆಯ ಸಲ ಉಜ್ಜಿ ಅಳಿಸಿರುತ್ತಾರೆ. ಮುಟ್ಟಿದರೆ ಸಾಕು, ಹೇಳಿಬಿಡುತ್ತಿದ್ದ ಪುಣ್ಯಾತ್ಮ. ಅದನ್ನು ಕೇಳಿಯೇ ಪಕ್ಕೀರವ್ವ ದ್ಯಾವಪ್ಪನ ಕೈಲಿ ಹೇಳಿ ಕಳಿಸಿದ್ದಳು.

ಆಕೆಯ ಮನೆ ಹಗಲಿನಲ್ಲೂ ಕತ್ತಲೆ. ಗೌರಿ ಹುಣ್ಣಿಮೆ ಹತ್ತಿರ ಬಂದಿತ್ತು, ಒಳಕೋಣೆಯಲ್ಲಿ ಸಕ್ಕರೆ ಪಾಕ ಕೊತಕೊತ ಕುದಿಯುತ್ತಿತ್ತು. ಆರತಿಗೆ ಸಕ್ಕರೆ ಗೊಂಬೆ ಎರೆಯುವುದು ಆಕೆಯ ಕಸುಬು. ನೀರಲ್ಲಿ ನೆನೆಹಾಕಿದ ಮರದ ಅಚ್ಚುಗಳ ಮುಗ್ಗು ವಾಸನೆ, ಕಣ್ಣು ಕುಕ್ಕುವ ಹೊಗೆ, ಸೀದ ಸಕ್ಕರೆಯ ಕಮಟು. ಶರಣಕುಮಾರ ಮೂಗಿಗೆ ಕರವಸ್ತ್ರ ಹಿಡಿದು ಕೂತ.

ಪಕ್ಕೀರವ್ವ ಎರಡು ಡಬ್ಬಿ ತಂದು ಮುಂದಿಟ್ಟಳು. ಎರಡರ ಮೇಲೂ ಒಂದೇ ಕೆಂಪು ಕಾರು.

"ನನ್ನ ಮಗ ಯಂಕೇಶಂದು, ಯಪ್ಪಾ. ಒಂದು ಅವರಪ್ಪ ಸಾಯೂಕಿಂತ ಮೊದಲ ಮುಂಬೈದಿಂದ ತಂದದ್ದು. ಅಪ್ಪನ ಕೈ ಮುಟ್ಟಿದ್ದು ಅಂತ ಅದನ್ನ ಜೋಡಸಲಾರದ ಹಂಗ ಇಟ್ಟ. ಜೋಡಸಾಕಂತ ಹುಬ್ಬಳ್ಯಾಗ ಇನ್ನೊಂದು ತಂದ. ಜೋಡಸೂದ್ರಾಗ ಜ್ವರ ಬಂದು ಹೋಗಿಬಿಟ್ಟ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗಂಡ ತಂದದ್ದು ಯಾವುದು ಹೇಳು. ಅದೊಂದು ನನ್ನ ಹತ್ರ ಇದ್ರ ಸಾಕು. ಇನ್ನೊಂದು ನೀನ ಒಯ್ಯಿ."

ಎಡಗಡೆಯ ಡಬ್ಬಿ ತೆರೆದದ್ದೇ ತಡ, ಶರಣಕುಮಾರ ಕಾರಿನ ಬಾಗಿಲಿನ ಮೇಲೆ ಉಗುರಾಡಿಸಿದ. ಗೆರೆಗಳೆಲ್ಲ ಚೂಪು. ಹೊಟ್ಟೆಯಡಿ ಇಸವಿ ಕೆತ್ತಿದ್ದು ಹಾಗೇ ಇದೆ. ಜೀವಮಾನವೆಲ್ಲ ಹುಡುಕಿದರೂ ಸಿಗದಂಥ ಅಸಲಿ! ಬಲಗಡೆಯದರಲ್ಲಿ ಪೊರೆಯೋ ಪೊರೆ.

"ಇದು ನಿಮ್ಮ ಯಜಮಾನ್ರು ತಂದದ್ದು ಯವ್ವಾ," ಎಂದು ಬಲಗಡೆಯದನ್ನು ಆಕೆಯ ಮಡಿಲಿಗೆ ದೂಡಿದ.

ಆಕೆ ದೇವರ ಜಗುಲಿಯಿಂದ ಭಂಡಾರದ ಬಟ್ಟಲು ತಂದು ಹಿಡಿದಳು. "ಮುಟ್ಟಿ ಹೇಳಪ್ಪಾ."

ಭಂಡಾರ ಮುಟ್ಟಿ ಸುಳ್ಳು ಹೇಳುವ ಎದೆಗಾರಿಕೆ ಈ ಸೀಮೆಯಲ್ಲಿ ಕಳ್ಳರಿಗೂ ಇಲ್ಲ. ಇವನೋ, ಅರಿಷಿಣಪುಡಿ ತಾನೇ ಅಂದುಕೊಂಡು ಬೆರಳದ್ದಿ ಅದೇ ಮಾತು ಹೇಳಿದ. ಬೆರಳ ತುದಿಯ ಹಳದಿ ನೋಡನೋಡುತ್ತ ಕಪ್ಪಿಟ್ಟಿತು. ಅವನು ಲಕ್ಷ್ಯ ಕೊಡಲಿಲ್ಲ. ಆಕೆ ನೋಡಿದಳು.

ಎದ್ದು ಒಳಗೆ ಹೋದಳು. ಏನೋ ಗೊಣಗುವ ಸದ್ದು. ಬಿಸಿ ಪಾಕ ಮರದ ಅಚ್ಚಿನೊಳಗೆ ಇಳಿಯುವ ಚುರ್ ಎಂಬ ಸದ್ದು. ಹೊರಬಂದಾಗ ಆಕೆಯ ಅಂಗೈಯಲ್ಲಿ ಬೆಚ್ಚನೆಯ ಸಕ್ಕರೆ ಗೊಂಬೆ, ಮನುಷ್ಯನದು. ಅಚ್ಚು ಹಳೆಯದಿರಬೇಕು, ಮೂತಿಯೇ ಸರಿಯಾಗಿ ಮೂಡಿರಲಿಲ್ಲ.

"ಬಾಯಿ ಸಿಹಿ ಮಾಡಿಕೊಂಡು ಹೋಗು."

ಕೊಟ್ಟದ್ದು ಒಲ್ಲೆ ಅನ್ನಬಾರದೆಂದು ಶರಣಕುಮಾರ ಅದರ ತಲೆ ಕಚ್ಚಿದ. ಡಬ್ಬಿ ಬಗಲಲ್ಲಿಟ್ಟುಕೊಂಡು, ಮುದುಕಿಯನ್ನು ಯಾಮಾರಿಸಿದೆ ಎಂದು ಒಳಗೊಳಗೇ ಹಿಗ್ಗುತ್ತ ಅಗಸಿಯ ಕಡೆ ನಡೆದ. ಬಿಸಿಲು ಚುರುಗುಟ್ಟುತ್ತಿತ್ತು. ಸೀದ ಸಕ್ಕರೆಯ ವಾಸನೆ ಬೆನ್ನು ಬಿಡಲಿಲ್ಲ.

"ನಡಿಯೋ ದ್ಯಾವಪ್ಪ."

ದ್ಯಾವಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಗಾಡಿ ಖಾಲಿ ಇಲ್ರಿ. ಶರಣಕುಮಾರ ಸಾಹೇಬ್ರನ್ನ ಕಾಯಾಕತ್ತೀನಿ."

"ನಾನ ಅಲ್ಲೇನೋ! ಕಣ್ಣು ಹೋಗ್ಯಾವೇನು?"

ದ್ಯಾವಪ್ಪನ ಬಾಯಿಂದ ಬೀಡಿ ಜಾರಿತು. ಎರಡು ಹೆಜ್ಜೆ ಹಿಂದೆ ಸರಿದ. ಶರಣಕುಮಾರ ಟಂಟಂನ ಕನ್ನಡಿಯತ್ತ ಬಾಗಿದ. ಹುಬ್ಬು ಮಾಸಿತ್ತು. ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತಿತ್ತು. ಕಿವಿಯಿಂದ ದವಡೆಯವರೆಗೆ ಒಂದು ಗೆರೆ, ಗೆರೆಗುಂಟ ತೆಳ್ಳನೆಯ ಪೊರೆ. ಅಂಗೈ ನೋಡಿಕೊಂಡ. ಒಂದು ರೇಖೆಯೂ ಇಲ್ಲ. ಬೆರಳ ಸಂದಿಯಲ್ಲೂ ಪೊರೆ. ಎಳೆದ. ಲಟಕ್ಕನೆ ಮುರಿಯಿತು. ನೋಯಲಿಲ್ಲ.

ಓಡಿದ. ಕಾಲು ಅಂಟಂಟು. ಉಸಿರು ಸಿಹಿ. ಸಂದಿ ದಾಟಿದ. ಪಕ್ಕೀರವ್ವನ ಮನೆ ಬಾಗಿಲು ದೂಡಿದ.

ನಡುಮನೆಯಲ್ಲಿ ಶರಣಕುಮಾರ ಕೂತಿದ್ದ!

ಅದೇ ಅಂಗಿ. ಅದೇ ಹುಬ್ಬು, ಕೆತ್ತಿದಂಥ ಮೂಗು, ಕೈತುಂಬ ರೇಖೆ. ಪೊರೆಯ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಗಾಲಿ ಜೋಡಿಸುತ್ತಿದ್ದ.

"ಯವ್ವಾ, ಅಂಟು ಎಲ್ಲಿ ಇಟ್ಟಿ?" ಎಂದ ಅವನು, ತಲೆಯೆತ್ತದೆ.

"ಕೊಡ್ತೀನಿ ತಡಿ ಮಗನ," ಎಂದಳು ಪಕ್ಕೀರವ್ವ. ಆಮೇಲೆ ಹೊಸ್ತಿಲಿಗೆ ಬಂದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ, ಬರೀ ಕೆಂಡ. "ಅಸಲಿ ನೀ ಇಟಗೊಂಡಿ, ಖೊಟ್ಟಿ ನನಗ ಕೊಟ್ಟಿ. ಹೊಟ್ಟಿ ಉರಿತಪ್ಪಾ, ಭಾಳ ಉರಿತು. ನಾನೂ ಹಂಗ ಮಾಡಿನಿ. ಅಸಲಿ ನನ್ನ ಮನ್ಯಾಗ ಇರಲಿ."

ತಪ್ಪಾತು ಯವ್ವಾ ಎಂದು ಕಾಲಿಗೆ ಬೀಳಬೇಕೆಂದುಕೊಂಡ. ನಾಲಗೆ ಅಂಗುಳಕ್ಕೆ ಅಂಟಿತ್ತು. ಮೊಣಕಾಲು ಬಾಗಲಿಲ್ಲ. ಆಕೆ ಅವನ ಬಗಲಿನ ಡಬ್ಬಿ ಕಿತ್ತುಕೊಂಡು ಎದೆಗವಚಿಕೊಂಡಳು, ಅವನನ್ನು ಅಂಗಳದ ಬಿಸಿಲಿಗೆ ದೂಡಿ ಬಾಗಿಲು ಹಾಕಿದಳು.

ಕಾಲಬಳಿ ಗೋಡೆಯ ಬಿರುಕಿನಿಂದ ಒಂದು ಕೆಂಪಿರುವೆ ಹೊರಬಂತು. ಪಾದ ಕಚ್ಚಿತು. ರಕ್ತ ಬರಲಿಲ್ಲ. ಬಿಳಿಯ ಹರಳೊಂದನ್ನು ಬಾಯಲ್ಲಿ ಹಿಡಿದು ಇರುವೆ ತಿರುಗಿ ಹೋಯಿತು. ಮರುಗಳಿಗೆ ಬಿರುಕು ಕೆಂಪಾಯಿತು. ಸಾಲು ಬಂತು. ಮೊಣಕಾಲು. ಸೊಂಟ. ಕೂಗಲು ಬಾಯಿಲ್ಲ.

ಒಳಗಿನಿಂದ ಅವನದೇ ದನಿ ಕೇಳಿತು. "ಯವ್ವಾ, ಹೊರಗ ಯಾರೋ ನಿಂತಂಗೈತಿ."

"ಯಾರಿಲ್ಲಪ್ಪಾ. ಏನೋ ಸಿಹಿ ಬಿದ್ದೈತಿ, ಇರುವಿ ಮುತ್ತಾಕತ್ಯಾವ. ನೀ ರೊಟ್ಟಿ ಉಣ್ಣು."